ಕಂಬಳಿಯ ಮೇಲೆ ಇಟ್ಟ ಟೆಲಿಫೋನ್ ಬೋರ್ಡು

ನಾನು ಸಂಬಳಕ್ಕೆ ಹೋಗುತ್ತಿದ್ದ ನಾರಾಯಣಖೇಡದ ಕುರಿಗಾರರ ಸಂಘದಲ್ಲಿ ಫೋನ್ ಬಂದರೆ ಕಂಪ್ಯೂಟರೇ ಎತ್ತುತ್ತಿತ್ತು, ಕಂಪ್ಯೂಟರೇ ಮಾತಾಡುತ್ತಿತ್ತು. ಜಹೀರಾಬಾದಿನ ನಮ್ಮ ಓಣಿಯಲ್ಲಿ ಇದನ್ನು ಹೇಳಿದರೆ, "ರಂಜನಾ, ದಿನಾ ಬಸ್ಸಿನಾಗ ಅಡ್ಡಾಡಿ ಬಿಸಲು ಬಡದದೇನು ನಿನಗ?" ಎಂದು ನಗುತ್ತಿದ್ದರು. ಅದರಲ್ಲಿ ಮಾಯಮಂತ್ರವೇನೂ ಇರಲಿಲ್ಲ. ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಹಸಿರು ಬೋರ್ಡು ಕೂರಿಸಿದ್ದರು. ಗೋಡೆಯಿಂದ ಬಂದ ಟೆಲಿಫೋನ್ ತಂತಿಗಳು ಅದರ ಬೆನ್ನಿಗೆ ಸಿಕ್ಕಿಕೊಂಡಿದ್ದವು. ಯಾರಾದರೂ ನಂಬರು ಹಚ್ಚಿದರೆ ಬೋರ್ಡು ಎತ್ತಿಕೊಳ್ಳುತ್ತಿತ್ತು, ಕಂಪ್ಯೂಟರ್ ತನ್ನಲ್ಲಿ ಇಟ್ಟುಕೊಂಡ ದನಿಯನ್ನು ಕೇಳಿಸುತ್ತಿತ್ತು. ಒಂದು ಒತ್ತಿದರೆ ರೋಗದ ಸುದ್ದಿ, ಎರಡು ಒತ್ತಿದರೆ ನೀರು ಮೇವಿನ ಸುದ್ದಿ. ಮಂದೆ ಹೊಡೆದುಕೊಂಡು ತಾಂಡೂರು, ಪೆದ್ದೆಮುಲ್ ಕಡೆ ಅಡವಿ ಅಲೆಯುವ ಗಂಡಸರು ಗಿಡದ ನೆರಳಿನಲ್ಲಿ ನಿಂತು ಅದನ್ನು ಕೇಳುತ್ತಿದ್ದರು.

ಆ ದನಿ ಮರೆಮ್ಮನದು. ಮೊದಮೊದಲು ಈ ಮಷೀನು ಕೊಟ್ಟ ಹೈದರಾಬಾದಿನ ಸಂಸ್ಥೆಯವರು ಯಾರೋ ಓದಿದ ಹುಡುಗಿಯಿಂದ ಪುಸ್ತಕದ ಕನ್ನಡದಲ್ಲಿ ಹೇಳಿಸಿ ಕಳಿಸಿದ್ದರು. ಅವಳು "ಆತ್ಮೀಯ ಕುರಿಗಾಹಿ ಬಂಧುಗಳೇ" ಎನ್ನುವಷ್ಟರಲ್ಲಿ ನಮ್ಮವರು ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಿದ್ದರು. ಆಗ ನಾನು ಮರೆಮ್ಮನನ್ನು ಹಿಡಿದು ತಂದು ಮೈಕಿನ ಮುಂದೆ ಕೂರಿಸಿದೆ. ಅವಳು ಒಂದು ಸಲ ಗಂಟಲು ಸರಿಮಾಡಿಕೊಂಡಳು, ಅಷ್ಟೆ.

"ನಾ ಮರೆಮ್ಮ ಮಾತಾಡಾಕತ್ತೀನಪಾ. ಉಂಡಿಯಿಲ್ಲೊ? ಕುರಿ ಹ್ಯಾಂಗ ಅವ? ರೋಗದ ಸುದ್ದಿ ಬೇಕಾದ್ರ ಒಂದು ಒತ್ತು. ಲಗು ಒತ್ತು, ನಿಂತು ಆಕಳಿಸಬ್ಯಾಡ."

ಅಡವಿಯಲ್ಲಿ ಗಂಡಸರು ಮಷೀನಿಗೆ ಉತ್ತರ ಕೊಡುತ್ತಿದ್ದರಂತೆ. "ಹೂಂನವ್ವಾ, ಉಂಡೀನಿ" ಎಂದು ಹೇಳಿ ಆಮೇಲೆ ಒಂದು ಒತ್ತುತ್ತಿದ್ದರಂತೆ.

ಈ ಮರೆಮ್ಮ ಸಂಘದ ಅಧ್ಯಕ್ಷ ಶಿವರಾಯನ ತಮ್ಮನ ಹೆಂಡತಿ. ತಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮದುವೆಗೆ ಹೋದರೆ ಅವಳ ಜಾಗ ಒಲೆಯ ಹತ್ತಿರ. ಸೀಮಂತಕ್ಕೆ, ತೊಟ್ಟಿಲಿಗೆ ಅವಳು ರೊಟ್ಟಿ ಬಡಿದು ಕೊಟ್ಟು ಹಿತ್ತಲಿನಿಂದ ಹೊರಟುಬಿಡಬೇಕು. ಬೆಳಿಗ್ಗೆ ಮಂದೆ ಹೊರಡಿಸುವ ಗಂಡಸಿಗೆ ಅವಳು ಎದುರು ಬಂದರೆ, ಅವನು ಕಟ್ಟೆಯ ಮೇಲೆ ಒಂದು ಘಳಿಗೆ ಕೂತು, ನೀರು ಕುಡಿದು ಮತ್ತೆ ಹೊರಡುತ್ತಿದ್ದ. ಅದೇ ಗಂಡಸು ಮಧ್ಯಾಹ್ನ ಗಿಡದ ಕೆಳಗೆ ನಿಂತು ಅವಳ ನಂಬರು ಹಚ್ಚುತ್ತಿದ್ದ. ಎದುರಿಗೆ ಬಂದ ಮರೆಮ್ಮ ಅಪಶಕುನ, ಫೋನಿನಲ್ಲಿ ಬಂದ ಮರೆಮ್ಮ ಅವ್ವ. ಈ ನ್ಯಾಯ ನನಗೆ ಎಂದೂ ತಲೆಗೆ ಹೋಗಲಿಲ್ಲ. ಅವಳಿಗೆ ಮಾತ್ರ ಅದರ ಬಗ್ಗೆ ಸಿಟ್ಟಿರಲಿಲ್ಲ, ಸಿಟ್ಟೆಲ್ಲ ನನಗೇ.

"ಈ ಮಷೀನ್ ಇರೂತನಾ ನಾನೂ ಮಂದ್ಯಾಗಿನ ಒಬ್ಬಾಕಿ, ರಂಜನಾ ಬಾಯಿ," ಎಂದು ಒಮ್ಮೆ ಹೇಳಿದ್ದಳು. "ಇದು ಹೋದ್ರ ಮತ್ತ ಹಿತ್ತಲಾ."

ತೆಲುಗಿನವರ ರಾಜ್ಯ ಎರಡಾದ ಮರುವರ್ಷ ಅದು ಹೋಗುವ ಹಾಗಾಯಿತು. ಮಳೆಗಾಲದ ಕೊನೆಗೆ ಒಂದು ಸಿಡಿಲು ಹತ್ತಿರದಲ್ಲೆಲ್ಲೋ ಬಿದ್ದು, ಟೆಲಿಫೋನ್ ತಂತಿ ಹಿಡಿದು ಒಳಗೆ ಬಂದು ಬೋರ್ಡನ್ನು ಸುಟ್ಟಿತು. ಕಂಪ್ಯೂಟರ್ ಉಳಿಯಿತು, ಮಾತು ಹೋಯಿತು. ಅಂಥ ಬೋರ್ಡನ್ನು ಈಗ ಯಾರೂ ಮಾಡುವುದೇ ಇಲ್ಲ ಎಂದು ಹೈದರಾಬಾದಿನವರು ತಿಳಿಸಿದರು. ಜತೆಗೆ ಇನ್ನೊಂದು ಮಾತನ್ನೂ ಹೇಳಿದರು: ಎಲ್ಲ ಜಿಲ್ಲೆಗೂ ಸೇರಿ ತೆಲುಗಿನಲ್ಲಿ ಒಂದೇ ಲೈನು ಮಾಡುತ್ತಿದ್ದೇವೆ, ನಿಮ್ಮದು ನಡೆಯುತ್ತಿದ್ದರೆ ಇಟ್ಟುಕೊಳ್ಳಿ, ಸಂಕ್ರಮಣದ ಮುಂಚಿನ ಸೋಮವಾರ ನಾವು ಫೋನ್ ಮಾಡಿ ನೋಡುತ್ತೇವೆ, ಎತ್ತದಿದ್ದರೆ ಮುಚ್ಚುತ್ತೇವೆ. ಬಹಳ ಮರ್ಯಾದೆಯಿಂದ ಹೇಳಿದರು. ಕುತ್ತಿಗೆ ಕೊಯ್ಯುವವರು ಈಚೆಗೆ ಬಹಳ ಮರ್ಯಾದಸ್ತರಾಗಿದ್ದಾರೆ.

ಆಗ ಸಿಕ್ಕವರು ತಾಂಡೂರಿನ ಆನಂದತೀರ್ಥರು. ಕರಣಕೋಟದ ಸಿಮೆಂಟ್ ಫ್ಯಾಕ್ಟರಿಯ ಟೆಲಿಫೋನ್ ಕೋಣೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಸಣ್ಣಗೆ ತೆಳ್ಳಗಿದ್ದ ಮನುಷ್ಯ, ಎಲ್ಲದಕ್ಕೂ ಗಾಬರಿ. ಯಾರ್ಯಾರನ್ನೋ ಕೇಳಿ, ಹೈದರಾಬಾದಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಅದೇ ಜಾತಿಯ ಬೋರ್ಡು ಒಂದನ್ನು ಹುಡುಕಿ ತಂದರು. ಅದು ಬೆಳ್ಳಿ ಬಣ್ಣದ ಚೀಲದಲ್ಲಿ ಸುತ್ತಿಕೊಂಡು, ಮುಟ್ಟದ ಹೊಸದರ ಹಾಗೆ ಇತ್ತು. ಇನ್ನೊಂದು ಸಿಗುವುದಿಲ್ಲ ಎಂದು ಅಂಗಡಿಯವನು ಕೈಯೆತ್ತಿದ್ದನಂತೆ.

ಆ ಸೋಮವಾರದ ಮುಂಚಿನ ಶನಿವಾರ ಬೋರ್ಡು ಕೂರಿಸುವುದೆಂದು ಆಯಿತು. ಅದಕ್ಕೂ ಮೊದಲು ಒಂದು ದಿನ ಆನಂದತೀರ್ಥರು ಬಂದು, ಸಂಘದ ಜನರನ್ನು ಕೂರಿಸಿ ಪಾಠ ಮಾಡಿದರು. ಟೆಲಿಫೋನ್ ತಂತಿಗಳನ್ನು ಮೊದಲು ಗೋಡೆಯ ಕಡೆಯಿಂದಲೇ ಬಿಚ್ಚಬೇಕು, ಗಂಟೆ ಬಾರಿಸುವಾಗ ಅದರಲ್ಲಿ ಬರುವ ಕರೆಂಟು ಕೈ ಝುಮ್ಮೆನಿಸುತ್ತದೆ. ಕಂಪ್ಯೂಟರಿನ ಬಟನ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಬೋರ್ಡನ್ನು ಅಂಚು ಹಿಡಿದೇ ಎತ್ತಬೇಕು, ಅದರ ಚಿನ್ನದ ಹಲ್ಲುಗಳನ್ನು ಮುಟ್ಟಬಾರದು. ಮುಟ್ಟುವವನು ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಂಡು, ಆ ಪಟ್ಟಿಯ ತಂತಿಯನ್ನು ಭೂಮಿಗೆ ಹೋಗುವ ತಂತಿಗೆ ಕಚ್ಚಿಸಿರಬೇಕು.

"ನಮ್ಮ ಮೈಯಾಗೂ ಕರೆಂಟ್ ಕೂಡತದ್ರಿ," ಎಂದರು. "ನಮಗ ಗೊತ್ತಾಗಂಗಿಲ್ಲ. ಬೋರ್ಡಿಗಿ ಗೊತ್ತಾಗತದ. ಅದಕ್ಕ ಈ ಪಟ್ಟಿ ಇಲ್ದವ್ರು ಯಾರೂ ಮುಟ್ಟಬ್ಯಾಡ್ರಿ. ಭಂಡಾರ ಹಚ್ಚಬ್ಯಾಡ್ರಿ, ಕುಂಕುಮ ಬ್ಯಾಡ, ಕಾಯಿ ನೀರು ಸಿಡಿಸಬ್ಯಾಡ್ರಿ, ಊದಿನಕಡ್ಡಿ ಬೂದಿ ಬೀಳಬಾರದು."

ಶಿವರಾಯ ತಲೆದೂಗಿದ. "ತಿಳೀತ್ರಿ ಸರ್. ಮಡಿ ಅಂತೀರಿ."

"ಹೂಂ, ಮಡಿ ಅಂತನೇ ತಿಳೀರಿ," ಎಂದರು ಆನಂದತೀರ್ಥರು. ಬೇಗ ಬಸ್ಸು ಹಿಡಿಯಬೇಕಿತ್ತು ಅವರಿಗೆ.

ಶನಿವಾರ ನಾನು ಹೋಗುವಷ್ಟರಲ್ಲಿ ಸಂಘದ ಕೋಣೆಯ ತಾಂಡೂರು ಕಲ್ಲಿನ ನೆಲ ಒರೆಸಿ ಫಳಫಳ ಹೊಳೆಯುತ್ತಿತ್ತು. ಬಂದವರೆಲ್ಲ ತಲೆ ಮೇಲೆ ನೀರು ಹಾಕಿಕೊಂಡು, ಒಗೆದ ಬಟ್ಟೆ ತೊಟ್ಟು ಬಂದಿದ್ದರು. ಥಂಡಿ ಜೋರಾಗಿತ್ತು, ಗಾಳಿ ಒಣಗಿ ತುಟಿ ಒಡೆಯುತ್ತಿದ್ದವು. ಮೇಜಿನ ಮೇಲೆ ಒಂದು ಕರಿ ಕಂಬಳಿ ಹಾಸಿದ್ದರು. ಕುರಿ ಸಾಕುವ ಮನೆಗಳಲ್ಲಿ ಯಾವುದಕ್ಕೆ ದೊಡ್ಡ ಮರ್ಯಾದೆ ಕೊಡಬೇಕೋ ಅದನ್ನು ಕಂಬಳಿಯ ಮೇಲೆ ಕೂರಿಸುತ್ತಾರೆ. ದೇವರಾಗಲಿ, ಮದುಮಗನಾಗಲಿ, ಪಂಚರಾಗಲಿ, ನೆಲದ ಮೇಲೆ ಕೂತರೆ ಕೂತಂತೆ ಅಲ್ಲ. ಬೀರಪ್ಪನ ಪೂಜೆಗೂ ಅದೇ ಗದ್ದುಗೆ.

"ನೀವು ಹೇಳಿದ್ದು ಒಂದೂ ಮೀರಿಲ್ರಿ ಸರ್," ಎಂದ ಶಿವರಾಯ. "ಭಂಡಾರ ಇಲ್ಲ, ಕುಂಕುಮ ಇಲ್ಲ, ನೀರು ಇಲ್ಲ. ಬರೇ ಒಂದು ಆರತಿ, ಅದೂ ದೂರದಿಂದ."

ಆನಂದತೀರ್ಥರು ಬೋರ್ಡನ್ನು ಬೆಳ್ಳಿ ಚೀಲದ ಸಮೇತ ಕಂಬಳಿಯ ಮೇಲೆ ಇಟ್ಟರು. ಚೀಲದೊಳಗೆ ಇರುವವರೆಗೆ ಬೋರ್ಡಿಗೆ ಏನೂ ಆಗುವುದಿಲ್ಲ, ಅದರ ಸಲುವಾಗಿಯೇ ಆ ಚೀಲ ಮಾಡಿರುತ್ತಾರೆ.

ಆರತಿ ಯಾರು ಎತ್ತಬೇಕು ಎಂಬ ಮಾತು ಬಂತು. ಶಿವರಾಯನ ಹೆಂಡತಿ ಶಿವಕಾಂತಾ ತಟ್ಟೆ ಹಿಡಿದು ತಯಾರಾಗಿದ್ದಳು. ಶಿವರಾಯ ಅವಳ ಕೈಯಿಂದ ತಟ್ಟೆ ತೆಗೆದುಕೊಂಡು, ಬಾಗಿಲ ಹತ್ತಿರ ನಿಂತಿದ್ದ ಮರೆಮ್ಮನ ಮುಂದೆ ಹಿಡಿದ.

"ದನಿ ಇಕಿದು. ಆರತೀನೂ ಇಕೀನೇ ಎತ್ತಲಿ."

ಶಿವಕಾಂತಾ ಸೆರಗು ಸರಿಮಾಡಿಕೊಂಡು ಗೋಡೆಗೆ ಸರಿದಳು. ಮರೆಮ್ಮ ತಟ್ಟೆ ತೆಗೆದುಕೊಂಡಳು. ಗಂಡ ಸತ್ತ ಮೇಲೆ ಅವಳ ಕೈಗೆ ಆರತಿ ತಟ್ಟೆ ಬಂದದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ, ಶಿವರಾಯನ ಕಾಲಿಗೆ ಬೀಳಬೇಕು ಅನ್ನಿಸಿತು.

ಅಷ್ಟರಲ್ಲಿ ಆನಂದತೀರ್ಥರು ಭೂಮಿ ತಂತಿಯನ್ನು ನೋಡಿಬರೋಣವೆಂದರು. ಹಿಂದಿನ ಬೋರ್ಡು ಸುಟ್ಟದ್ದು ಆ ತಂತಿ ಸಡಿಲಾಗಿ ಎಂದು ಅವರ ಅನುಮಾನ. ನಾನು ಅವರ ಜತೆ ಗೋಡೆಯ ಹಿಂದೆ ಹೋಗಿ, ಹೂತ ಕಬ್ಬಿಣದ ರಾಡಿನ ಸುತ್ತ ಕೊಡ ನೀರು ಸುರಿದೆ. ಅವರು ತುಕ್ಕು ಕೆರೆದು ತಂತಿ ಬಿಗಿದರು. ಒಳಗಿನಿಂದ ಗಂಟೆಯ ಸದ್ದು ಕೇಳಿತು, ಆರತಿ ನಡೆದಿದೆ ಅಂದುಕೊಂಡೆವು.

ಹಿಂತಿರುಗಿ ಬಂದಾಗ ಬೆಳ್ಳಿ ಚೀಲ ಖಾಲಿಯಾಗಿ ಮೇಜಿನ ಅಂಚಿಗೆ ಬಿದ್ದಿತ್ತು. ಬೋರ್ಡು ಬರಿಮೈಯಲ್ಲಿ ಕಂಬಳಿಯ ನಡುವೆ ಮಲಗಿತ್ತು. ಕೊನೆಯವನೊಬ್ಬ ಅದನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೆ ಒತ್ತಿಕೊಂಡು ಈಗಷ್ಟೆ ಇಟ್ಟಿದ್ದ. ಮರೆಮ್ಮ ಕಂಬಳಿಯ ಸೆರಗಿನಿಂದ ಅದರ ಧೂಳು ಒರೆಸುತ್ತಿದ್ದಳು, ಕೂಸಿನ ಮುಖ ಒರೆಸುವ ಹಾಗೆ.

"ಯಾರ್ ತೆಗದ್ರಿದನ್ನ?" ಆನಂದತೀರ್ಥರ ದನಿ ಕೀರಲಾಯಿತು.

"ನಾನೇ ಸರ್," ಎಂದಳು ಮರೆಮ್ಮ. ಅವಳ ಮುಖದ ಮೇಲೆ ಅಂಥ ನಗು ನಾನು ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. "ಮುಖ ಕಾಣದ ದೇವರಿಗಿ ಆರತಿ ಎತ್ತಬಾರದ್ರಿ. ಎಲ್ಲಾರೂ ಜಳಕ ಮಾಡೀವಿ, ಮಡೀಲೆ ಮುಟ್ಟೀವಿ. ಒಣ ಕಂಬಳೀಲೆ ಒರಸೀನಿ, ಒಂದು ಹನಿ ನೀರು ತಾಕಿಲ್ಲ."

ಆನಂದತೀರ್ಥರು ನನ್ನ ಮುಖ ನೋಡಿದರು. ಒಣ ಥಂಡಿಯಲ್ಲಿ ಉಣ್ಣೆ ಉಜ್ಜಿದರೆ ಏನು ಹುಟ್ಟುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅವರು ಬೇಡವೆಂದದ್ದನ್ನೆಲ್ಲ ಈ ಜನ ಚಾಚೂ ತಪ್ಪದೆ ಬಿಟ್ಟಿದ್ದರು. ಕಂಬಳಿ ಬೇಡ ಎಂದು ಅವರು ಹೇಳಿರಲಿಲ್ಲ, ಹೇಳಬೇಕೆಂದು ಯಾರಿಗೆ ತೋಚೀತು? ಅವರು ಪಟ್ಟಿ ಕಟ್ಟಿಕೊಂಡರು. ಪ್ಲಗ್ ಕಿತ್ತದ್ದನ್ನು ಮತ್ತೊಮ್ಮೆ ನೋಡಿದರು, ಟೆಲಿಫೋನ್ ತಂತಿ ಬಿಚ್ಚಿದ್ದನ್ನು ಮತ್ತೊಮ್ಮೆ ನೋಡಿದರು. ಬೋರ್ಡಿನ ಅಂಚು ಹಿಡಿದು ಸಂದಿಯಲ್ಲಿ ನೇರ ಇಟ್ಟು, ಎರಡೂ ಹೆಬ್ಬೆರಳಿನಿಂದ ಸಮನಾಗಿ ಒತ್ತಿ ಕೂರಿಸಿ ಸ್ಕ್ರೂ ಬಿಗಿದರು. ಮುಚ್ಚಳ ಹಾಕಿ, ತಂತಿ ಸಿಕ್ಕಿಸಿ, ಕೊನೆಗೆ ಪ್ಲಗ್ ಹಾಕಿ ಬಟನ್ ಒತ್ತಿದರು.

ಹಸಿರು ದೀಪ ಹತ್ತಿತು. ಆನಂದತೀರ್ಥರು ಕೂತುಬಿಟ್ಟರು.

ಶಿವರಾಯ ಪೆದ್ದೆಮುಲ್ ಹತ್ತಿರ ಮಂದೆಯ ಜತೆ ಇದ್ದ ಮಗ ಸಿದ್ದರಾಮನಿಗೆ ಮೊಬೈಲಿನಿಂದ ಫೋನ್ ಮಾಡಿ, ನಂಬರು ಹಚ್ಚಿ ನೋಡು ಎಂದ. ದೀಪ ಮಿಣಮಿಣ ಅಂದಿತು. ಸ್ವಲ್ಪ ಹೊತ್ತಿಗೆ ಸಿದ್ದರಾಮ ತಿರುಗಿ ಫೋನ್ ಮಾಡಿ ಅಲ್ಲಿಂದಲೇ ಕೂಗಿದ: "ಚಿಗವ್ವ ಮಾತಾಡಿದಳಪ್ಪೋ! ಆಕಳಿಸಬ್ಯಾಡ ಅಂತ ಬೈದಳು!"

ಎಲ್ಲರೂ ನಕ್ಕರು. ಪ್ರಸಾದದ ಕೊಬ್ಬರಿಯನ್ನು ಶಿವರಾಯ ಮೊದಲು ಮರೆಮ್ಮನಿಗೆ ಕೊಟ್ಟ. ನಾನು ಆ ದಿನ ಬಸ್ಸಿನಲ್ಲಿ ನಿಂತೇ ಜಹೀರಾಬಾದಿಗೆ ಬಂದೆ, ಕಾಲು ನೋಯಲಿಲ್ಲ. ಆನಂದತೀರ್ಥರು ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ಪೆಟ್ಟು ತಿಂದ ಬೋರ್ಡು ಕೂಡಲೆ ಸಾಯುತ್ತದೆ ಎಂದೇನೂ ಇಲ್ಲ, ಕೆಲವು ದಿನ ನಡೆದು ಸಾಯುವುದೂ ಉಂಟು ಎಂದಿದ್ದರು. ಸೋಮವಾರ ನಾನೂ ಬರುತ್ತೇನೆ ಎಂದೂ ಹೇಳಿದರು.

ಸೋಮವಾರ ಬೆಳಿಗ್ಗೆ ನನ್ನ ಮೊಬೈಲಿನಿಂದ ನಂಬರು ಹಚ್ಚಿ ನೋಡಿದೆ. ಮರೆಮ್ಮನ ದನಿ ಬಂತು, ಆದರೆ ಅದರ ಹಿಂದೆ ಎಣ್ಣೆಯಲ್ಲಿ ಮೆಣಸಿನಕಾಯಿ ಕರಿಯುವ ಸದ್ದು. ಎರಡನೆಯ ಸಲ ದನಿ ತುಂಡು ತುಂಡಾಯಿತು. ಮೂರನೆಯ ಸಲ ಹಚ್ಚುವುದಕ್ಕೆ ನನಗೆ ಧೈರ್ಯ ಬರಲಿಲ್ಲ. ಹೈದರಾಬಾದಿನವರು ಫೋನ್ ಮಾಡುವುದನ್ನು ನೋಡಬೇಕೆಂದು ಶನಿವಾರ ಬಂದಿದ್ದ ಜನವೆಲ್ಲ ಬಂದು ಕೂತಿತ್ತು. ಮರೆಮ್ಮ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು, ಶಿವರಾಯನೇ ಕೂರಿಸಿದ್ದ.

ಹೇಳಿದ ಹೊತ್ತಿಗೆ ಸರಿಯಾಗಿ ಗೋಡೆಗೆ ಹಾಕಿದ್ದ ಟೆಲಿಫೋನ್ ಲೈನಿನ ಗಂಟೆ ಬಾರಿಸಿತು. ದೀಪ ಒಮ್ಮೆ ಮಿಣುಕಿ ಆರಿತು. ಗಂಟೆ ಬಾರಿಸುತ್ತಲೇ ಇತ್ತು, ಬೋರ್ಡು ಎತ್ತಲಿಲ್ಲ. ಗಂಟೆ ನಿಂತಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಆಮೇಲೆ ನನ್ನ ಮೊಬೈಲಿಗೆ ಬಂತು. ಅತ್ತಲಿಂದ ಸಾಹೇಬರು ತೆಲುಗಿನಲ್ಲಿ, ಪರವಾಗಿಲ್ಲಮ್ಮ, ನೀವು ಬಹಳ ಕಷ್ಟಪಟ್ಟಿದ್ದೀರಿ, ಮಷೀನನ್ನು ಪ್ಯಾಕ್ ಮಾಡಿ ಕಳಿಸಿಬಿಡಿ ಎಂದರು. ಇನ್ನೊಂದು ವಾರ ಕೊಡಿ ಎಂದು ಬೇಡಿಕೊಂಡೆ. ಎಲ್ಲ ಮೇಲಿನವರ ಕೈಯಲ್ಲಿದೆ ಎಂದರು. ಮೇಲಿನವರು ಎಂಬುವರು ನನ್ನ ಕೈಗೆ ಸಿಕ್ಕಿದ್ದರೆ ಅವತ್ತು ಏನಾಗುತ್ತಿತ್ತೋ.

ಆನಂದತೀರ್ಥರು ಪ್ಲಗ್ ಕಿತ್ತು, ಪಟ್ಟಿ ಕಟ್ಟಿಕೊಂಡು ಮುಚ್ಚಳ ಬಿಚ್ಚಿದರು. ಬೋರ್ಡನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದರು. ನೋಡಲಿಕ್ಕೆ ಅದಕ್ಕೆ ಏನೂ ಆಗಿರಲಿಲ್ಲ.

"ಹೋತ್ರಿ," ಎಂದರು. "ಇನ್ನ ಇದು ಏಳಂಗಿಲ್ಲ."

ಆಗ ಶಿವಕಾಂತಾ ಬಾಯಿಬಿಟ್ಟಳು. ಅವಳು ಕೂಗಲಿಲ್ಲ, ಮೆಲ್ಲಗೇ ಹೇಳಿದಳು: "ಮುತ್ತೈದಿ ಎತ್ತೂ ಆರತಿ ಮುತ್ತೈದೀನೇ ಎತ್ತಬೇಕು. ನಾ ಏನ್ ಹೇಳಲಿ. ಕೇಳವ್ರು ಯಾರು."

"ಬಾಯಿ ಮುಚ್ರಿ!" ಎಂದು ನಾನು ಚೀರಿದೆ. ಸಂಬಳಕ್ಕೆ ಬರುವವಳು ಅಧ್ಯಕ್ಷರ ಹೆಂಡತಿಗೆ ಹಾಗೆ ಅನ್ನಬಾರದು, ಅಂದೆ. ಮರೆಮ್ಮ ಕುರ್ಚಿಯಿಂದ ಎದ್ದು ನಿಂತಿದ್ದಳು.

ಆನಂದತೀರ್ಥರು ಒಳ್ಳೆಯವರು. ಒಳ್ಳೆಯವರು ಕೆಡಿಸಿದ್ದನ್ನು ಕೆಟ್ಟವರೂ ಕೆಡಿಸಲಾರರು ಎಂದು ನನಗೆ ಆ ದಿನ ಗೊತ್ತಾಯಿತು. ಅವರು ಎರಡೂ ಕೈಯೆತ್ತಿ, "ಹಂಗಲ್ರಿ ಅವ್ವಾರ, ಹಂಗಲ್ಲ. ಮರೆಮ್ಮವ್ವಂದು ಏನೂ ಇಲ್ಲ ಇದರಾಗ. ಇದು ಕಂಬಳಿ ಕೆಲಸ. ಥಂಡ್ಯಾಗ ಉಣ್ಣಿ ಉಜ್ಜಿದ್ರ ಕರೆಂಟ್ ಹುಟ್ಟತದ. ಯಾರು ಉಜ್ಜಿದ್ರೂ ಹುಟ್ಟತದ. ಕಣ್ಣಿಲೆ ತೋರಸ್ತೀನಿ, ಕಿಡಕಿ ಮುಚ್ರಿ," ಎಂದರು.

ಯಾರೋ ಕಿಟಕಿ ಬಾಗಿಲು ಮುಚ್ಚಿದರು. ಕೋಣೆ ಕತ್ತಲಾಯಿತು. ಅದೇ ಕಂಬಳಿಯನ್ನು ಅವರು ಮರೆಮ್ಮನ ಕೈಗೆ ಕೊಟ್ಟು, ಮೈಮೇಲೆ ಹಾಕಿಕೊಂಡು ಜೋರಾಗಿ ಉಜ್ಜಿ, ಆಮೇಲೆ ಬೆರಳನ್ನು ಕಪಾಟಿನ ಹಿಡಿಕೆಯ ಹತ್ತಿರ ತರಲು ಹೇಳಿದರು. ಅವಳ ಮೇಲಿನ ಮಾತು ಸುಳ್ಳೆಂದು ಅವಳ ಕೈಯಿಂದಲೇ ತೋರಿಸಬೇಕೆಂಬುದು ಅವರ ಆಸೆ. ಮರೆಮ್ಮ ಉಜ್ಜಿದಳು. ಕಂಬಳಿ ಚಟಚಟ ಅಂದಿತು. ಅವಳು ಬೆರಳು ಚಾಚಿದಳು.

ಅವಳ ಬೆರಳಿನ ತುದಿಯಿಂದ ನೀಲಿ ಕಿಡಿಯೊಂದು ಟಪ್ಪೆಂದು ಕಬ್ಬಿಣಕ್ಕೆ ಹಾರಿತು. ಕೋಣೆಯಲ್ಲಿದ್ದವರೆಲ್ಲ ನೋಡಿದರು. ಹೆಂಗಸೊಬ್ಬಳು "ಅಯ್ಯೋ ನಮ್ಮವ್ವಾ" ಎಂದಳು.

"ನೋಡಿದ್ರಿಲ್ಲ? ಈಗ ನನ್ನ ನೋಡ್ರಿ," ಎಂದರು ಆನಂದತೀರ್ಥರು. ಕಂಬಳಿಯನ್ನು ತಾವು ಹೊದ್ದು ಅವಳಿಗಿಂತ ಜೋರಾಗಿ ಉಜ್ಜಿದರು. ಹಿಡಿಕೆಯ ಹತ್ತಿರ ಬೆರಳು ತಂದರು.

ಏನೂ ಬರಲಿಲ್ಲ.

ಮತ್ತೆ ಉಜ್ಜಿದರು, ಮತ್ತೆ ಬೆರಳು ಚಾಚಿದರು. ಏನೂ ಇಲ್ಲ. ನನಗೆ ಹೊಳೆಯಿತು. "ಸರ್, ಪಟ್ಟಿ!" ಎಂದು ಕೂಗಿದೆ. ಬೋರ್ಡು ಬಿಚ್ಚುವಾಗ ಕಟ್ಟಿಕೊಂಡ ಪಟ್ಟಿ ಅವರ ಮಣಿಕಟ್ಟಿನಲ್ಲೇ ಇತ್ತು. ಅದರ ತಂತಿ ಭೂಮಿಗೆ ಹೋಗಿತ್ತು. ಮೈಯಲ್ಲಿ ಹುಟ್ಟಿದ್ದನ್ನೆಲ್ಲ ಅದು ಸದ್ದಿಲ್ಲದೆ ನೆಲಕ್ಕೆ ಇಳಿಸುತ್ತಿತ್ತು. ಅವರು ಪಟ್ಟಿಯನ್ನು ಹರಿದು ಬಿಸಾಡಿ, ಹುಚ್ಚು ಹಿಡಿದವರ ಹಾಗೆ ಉಜ್ಜಿ ಬೆರಳು ಚಾಚಿದರು. ಈ ಸಲ ಕಿಡಿ ಬಂತು, ಮರೆಮ್ಮನದಕ್ಕಿಂತ ದೊಡ್ಡದು.

"ಅಕಿ ಹೊದ್ದ ಕಂಬಳಿ ಹೊದ್ರೆಲ್ರಿ," ಎಂದಳು ಶಿವಕಾಂತಾ, ಕತ್ತಲೆಯಲ್ಲಿ. "ನಿಮಗೂ ಹತ್ತಿತು."

ನಾನು ಕಂಬಳಿ ಕಿತ್ತುಕೊಂಡು ಶಿವರಾಯನ ಹತ್ತಿರ ಹೋದೆ. ಅವನು ಊರಿಗೆ ದೊಡ್ಡವನು, ಮನೆ ತುಂಬ ಮಕ್ಕಳು ಮರಿ ಇದ್ದವನು. ಅವನ ಬೆರಳಿನಿಂದ ಒಂದು ಕಿಡಿ ಬಂದರೆ ಎಲ್ಲ ಮುಗಿಯುತ್ತಿತ್ತು.

"ಶಿವರಾಯಣ್ಣ, ನೀವು ಒಮ್ಮಿ ಉಜ್ರಿ. ಒಂದೇ ಒಮ್ಮಿ. ನಿಮ್ಮ ತಮ್ಮನ ಹೆಣತಿ ಸಲುವಾಗಿ."

ಅವನು ಕೈ ಮುಂದೆ ಚಾಚಿದ. ಕಂಬಳಿಗೆ ಇನ್ನೇನು ತಾಕಬೇಕು, ಕೈ ಅಲ್ಲೇ ನಿಂತಿತು. ಅವನ ಕಣ್ಣು ಒದ್ದೆಯಾಗಿದ್ದವು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

"ಮನ್ಯಾಗ ಸೊಸಿ ಪೂರ್ಣಿಮಾಗ ದಿನ ತುಂಬ್ಯಾವ, ಬಾಯಿ. ಮಗ ಮಂದಿ ಹೊಡಕೊಂಡು ಅಡವಿಗಿ ಹೋಗ್ಯಾನ. ನೀವು ಹೇಳೂದು ಖರೆ ಇರಬೇಕು. ಆದ್ರ ಬ್ಯಾಡ್ರಿ."

ಕೈ ಹಿಂದಕ್ಕೆ ಹೋಯಿತು. ಯಾರೋ ಬಾಗಿಲು ತೆರೆದರು. ಮರೆಮ್ಮ ನನ್ನ ಕೈಯಿಂದ ಕಂಬಳಿ ತೆಗೆದುಕೊಂಡು ಮಡಚಿ ಬಗಲಲ್ಲಿ ಇಟ್ಟುಕೊಂಡಳು. ಅವಳಿಗೆ ದಾರಿ ಬಿಡಲಿಕ್ಕೆ ಜನ ಸರಿದರು, ಬೇಕಾದದ್ದಕ್ಕಿಂತ ಹೆಚ್ಚೇ ಸರಿದರು. ಆನಂದತೀರ್ಥರು ಗೋಡೆಗೆ ಮುಖ ಮಾಡಿ ಮೂಗು ಒರೆಸಿಕೊಳ್ಳುತ್ತಿದ್ದರು.

ಸಂಕ್ರಮಣ ಕಳೆದ ಮೇಲೆ ನಾನು ಮಷೀನು ಪ್ಯಾಕ್ ಮಾಡಲಿಕ್ಕೆ ಹೋದೆ. ತೆಲುಗು ಲೈನು ಆಗಲೇ ಶುರುವಾಗಿತ್ತು. ನಮ್ಮವರಿಗೆ ತೆಲುಗು ಬರುವುದಿಲ್ಲವೆಂದಲ್ಲ, ಸಂತೆಯಲ್ಲಿ, ಕಚೇರಿಯಲ್ಲಿ ಎಲ್ಲರೂ ಆಡುತ್ತಾರೆ. ಆದರೆ ಆ ಲೈನಿನಲ್ಲಿ ಉಂಡೆಯೇನೋ ಎಂದು ಕೇಳುವವರಿಲ್ಲ. ಸಿದ್ದರಾಮ ಒಮ್ಮೆ ಹಚ್ಚಿ, ಅರ್ಧಕ್ಕೆ ಇಟ್ಟನಂತೆ.

ತಂತಿಗಳನ್ನು ಸುತ್ತಿಡುವಾಗ ಬಾಗಿಲಲ್ಲಿ ನೆರಳು ಬಿತ್ತು. ಮರೆಮ್ಮ ಹೊಸ್ತಿಲಾಚೆ ನಿಂತಿದ್ದಳು. ಮೊದಲೆಲ್ಲ ಸೀದಾ ಒಳಗೆ ಬಂದು ಕುರ್ಚಿ ಎಳೆದುಕೊಂಡು, "ಚಾ ತರಸ್ರಿ ಬಾಯಿ, ಗಂಟಲು ಒಣಗ್ಯಾದ" ಎನ್ನುತ್ತಿದ್ದವಳು.

"ಒಳಗ ಬರ್ರಿ ಮರೆಮ್ಮವ್ವ," ಎಂದೆ.

"ಬ್ಯಾಡ್ರಿ. ಮಷೀನ್ ಇನ್ನೊಬ್ರ ಬಲ್ಲಿ ಹೋಗೂದದ."

ನನಗೆ ಸಿಟ್ಟು, ಅಳು ಒಟ್ಟಿಗೆ ಬಂದವು. ಅದನ್ನು ತೋರಿಸಿಕೊಳ್ಳದೆ, ನಿಮ್ಮ ದನಿ ಕಂಪ್ಯೂಟರಿನಲ್ಲಿ ಹಾಗೇ ಇದೆ, ಬೋರ್ಡು ಸತ್ತರೂ ಅದು ಸತ್ತಿಲ್ಲ, ನಿಮ್ಮ ಮೊಬೈಲಿಗೆ ಹಾಕಿಕೊಡುತ್ತೇನೆ, ಯಾವಾಗ ಬೇಕಾದರೂ ಕೇಳಬಹುದು ಎಂದೆ. ಇದನ್ನು ಹೇಳಬೇಕೆಂದೇ ನಾನು ಅವಳಿಗಾಗಿ ಕಾಯುತ್ತಿದ್ದೆ. ಬಸ್ಸಿನಲ್ಲಿ ಬರುವಾಗ ಅವಳ ಮುಖ ಹೇಗೆ ಅರಳುತ್ತದೆ ಎಂದೂ ಯೋಚಿಸಿದ್ದೆ.

"ಅದಕ್ಕೇ ಬಂದೀನಿ," ಎಂದಳು. "ಅದನ್ನ ಅಳಸ್ರಿ."

"ಏನಂದ್ರಿ?"

"ಸಿದ್ದನ ಮಂದ್ಯಾಗ ಮರಿ ಸಾಯಾಕತ್ಯಾವ. ಆ ಶನಿವಾರ ನನ್ನ ದನಿ ಕೇಳಿದಾಂವ ಅಂವ ಒಬ್ಬನೇ. ಹಿಂದಿನ ವರ್ಷ ಕುರಿಗೆಲ್ಲ ನೀಲಿ ನಾಲಿಗಿ ರೋಗ ಬಂದಾಗೂ ಎಲ್ಲಾರೂ ನಂದೇ ಕೇಳತಿದ್ರು."

"ಥಂಡಿಗಿ ಮರಿ ಸಾಯ್ತಾವಂತ ನೀವೇ ಹೇಳೀರಿ, ಇದೇ ಮಷೀನಿನಾಗ! ಬೆಚ್ಚಗಿಡ್ರಿ ಅಂತ ಹೇಳೀರಿ. ನಿಮ್ಮ ಮಾತು ಕೇಳಿ ಉಳದ ಮರಿ ಯಾರು ಎಣಿಸ್ಯಾರ?"

"ಹೇಳೀನ್ರಿ. ಥಂಡಿಗಿ ಸಾಯ್ತಾವ, ಗೊತ್ತದ." ಅವಳು ತನ್ನ ಬಲಗೈ ಎತ್ತಿ ನೋಡಿಕೊಂಡಳು, ಬೇರೆ ಯಾರದೋ ಕೈಯನ್ನು ನೋಡುವಂತೆ. "ಮಂದಿ ಮಾತು ನಾ ಎಂದೂ ನಂಬಿಲ್ಲ ಬಾಯಿ. ಇಷ್ಟು ವರ್ಷ ಅಂದ್ರು, ಅನ್ನಲಿ ಅಂತ ಬಿಟ್ಟೀನಿ. ಆದ್ರ ನನ್ನ ಕೈಲಿಂದ ಬೆಂಕಿ ಬಂದದ್ದು ನನ್ನ ಕಣ್ಣಿಲೆ ನೋಡೀನಿ."

ನಾನು ಎಲ್ಲ ಹೇಳಿದೆ. ಉಣ್ಣೆ, ಒಣಗಾಳಿ, ಪಟ್ಟಿ, ಭೂಮಿ ತಂತಿ, ಆನಂದತೀರ್ಥರ ಕಿಡಿ ಅವಳದಕ್ಕಿಂತ ದೊಡ್ಡದಿದ್ದದ್ದು. ಅವಳು ಪೂರ್ತಿ ಕೇಳಿದಳು. ನನ್ನ ಮೇಲೆ ಅವಳಿಗೆ ಪ್ರೀತಿ ಇತ್ತು, ಅದಕ್ಕೆ ಕೇಳಿದಳು. ಕೇಳಿ ಆದ ಮೇಲೆ ಅದೇ ಮಾತು ಹೇಳಿದಳು.

"ಅಳಸ್ರಿ. ನೀವು ಅಳಸೂತನಾ ನಾ ಇಲ್ಲೇ ನಿಂತಿರ್ತೀನಿ."

ನಾನು ಕಟ್ಟಿದ ತಂತಿ ಬಿಚ್ಚಿ ಕಂಪ್ಯೂಟರ್ ಹಚ್ಚಿದೆ. ಸುಳ್ಳು ಹೇಳಿ ಉಳಿಸಿಕೊಳ್ಳಬಹುದಿತ್ತು, ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಅವಳಿಗೆ ಸುಳ್ಳು ಹೇಳುವವರು ಆಗಲೇ ಬೇಕಾದಷ್ಟು ಜನ ಇದ್ದರು. ಒಂದೊಂದಾಗಿ ಅಳಿಸಿದೆ. ರೋಗದ ಸುದ್ದಿ, ನೀರಿನ ಸುದ್ದಿ, ಕೊನೆಗೆ ಆಕಳಿಸಬೇಡ ಎಂದು ಬೈಯುವುದು.

"ಹೋತೇನ್ರಿ?"

"ಹೋತು."

"ಒಮ್ಮಿ ಹಚ್ಚಿ ಕೇಳಸ್ರಿ. ಎಲ್ಲೆರ ಉಳದದೇನು ನೋಡಾಮು."

ಸ್ಪೀಕರಿನ ದನಿ ದೊಡ್ಡದು ಮಾಡಿ ಹಚ್ಚಿದೆ. ಮರೆಮ್ಮ ಹೊಸ್ತಿಲಾಚೆಯಿಂದ ಕತ್ತು ಮುಂದೆ ಚಾಚಿ, ತನ್ನ ದನಿ ಬರುವುದಿಲ್ಲ ಎಂದು ಖಾತ್ರಿಯಾಗುವವರೆಗೂ ಕೇಳಿದಳು.